ಬಿರುಗಾಳಿಯ ದಿನದ ಅಂಕಿ: ಧ್ರುವದ ಕಡಲಿಗೆ ಯಂತ್ರ ಕಳಿಸುವವರಿಗೆ ಹನ್ನೆರಡು ಪಾಠ

ಮನುಷ್ಯ ಉಗುಳಿದ ಇಂಗಾಲದ ಡೈಆಕ್ಸೈಡಿನಲ್ಲಿ ಜಗತ್ತಿನ ಸಮುದ್ರಗಳೆಲ್ಲ ಸೇರಿ ನುಂಗಿದ್ದರ ಸುಮಾರು ಶೇ. 40ರಷ್ಟು, ಅವು ಹೀರಿದ ಹೆಚ್ಚುವರಿ ಶಾಖದ ಸುಮಾರು ಮುಕ್ಕಾಲು ಪಾಲು, 30 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಕೆಳಗಿರುವ ನೀರಿನ ಮೂಲಕವೇ ಒಳಗಿಳಿದಿದೆ ಎಂದು ಹವಾಮಾನ ಮಾದರಿಗಳು ಅಂದಾಜಿಸುತ್ತವೆ. ಈ ವ್ಯವಹಾರವೆಲ್ಲ ನಡೆಯುವುದು ಗಾಳಿ ಮತ್ತು ನೀರು ಮುಟ್ಟುವ ತೆಳು ಗಡಿಯಲ್ಲಿ. ಗಾಳಿಯ ವೇಗ ಇಮ್ಮಡಿಯಾದರೆ ಅನಿಲ ದಾಟುವ ವೇಗ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ವರ್ಷದ ಲೆಕ್ಕವನ್ನು ಬರೆಯುವುದು ಶಾಂತ ದಿನಗಳಲ್ಲ, ಬಿರುಗಾಳಿಯ ದಿನಗಳು. ಆದರೆ ಸಂಶೋಧನಾ ಹಡಗುಗಳು ಅತ್ತ ಸುಳಿಯುವುದು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಬೇಸಿಗೆಯಲ್ಲಿ. ಚಳಿಗಾಲ ಬಂದಾಗ ಅವು ಮನೆಗೆ ಮರಳಿರುತ್ತವೆ.

ಆ ಖಾಲಿ ಜಾಗವನ್ನು ತುಂಬಲೆಂದೇ ಜನರಿಲ್ಲದ, ತಾವೇ ಚಲಿಸುವ ಜಲವಾಹನಗಳು ಬಂದಿವೆ. ಅವುಗಳಿಗೆ ಸೆನ್ಸರ್ ಜೋಡಿಸುವುದು, ಕಡಲಿಗೆ ಬಿಡುವುದು, ದಡದಲ್ಲಿ ಕೂತು ನಡೆಸುವುದು, ಬಂದ ಅಂಕಿಗಳನ್ನು ನಂಬಬೇಕೋ ಬೇಡವೋ ಎಂದು ಜಗಳವಾಡುವುದು ನನ್ನ ವೃತ್ತಿ. ಈ ಕೆಲಸ ಕಲಿಸಿದ್ದನ್ನೆಲ್ಲ ಒಂದೇ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಯಂತ್ರದ ಬೆಲೆ ತಿಳಿಯುವುದು ಅದರ ಅತಿ ಕೆಟ್ಟ ದಿನದಲ್ಲಿ. ಕೆಳಗಿನ ಪಾಠಗಳೆಲ್ಲ ಆ ಮಾತಿನ ವಿವರಣೆ.

1. ವಾಹನಕ್ಕಿಂತ ಮೊದಲು ಪ್ರಶ್ನೆಯನ್ನು ಆರಿಸಿ

ಹೊಸಬರು ಮೊದಲು ಕೇಳುವುದು ಯಾವ ವಾಹನ ಒಳ್ಳೆಯದು ಎಂದು. ಎಲ್ಲದಕ್ಕೂ ಒಳ್ಳೆಯದು ಎಂಬ ವಾಹನವಿಲ್ಲ. ವೇವ್ ಗ್ಲೈಡರ್ ಎಂಬುದು ತೇಲುವ ಹಲಗೆಯಂಥ ದೋಣಿ. ಕೇಬಲ್ಲಿನ ತುದಿಯಲ್ಲಿ ಕೆಲವು ಮೀಟರ್ ಕೆಳಗೆ ರೆಕ್ಕೆಗಳ ಚೌಕಟ್ಟು ತೂಗುತ್ತದೆ. ಅಲೆ ಏರಿಳಿದಂತೆ ಆ ರೆಕ್ಕೆಗಳು ವಾಹನವನ್ನು ಮುಂದಕ್ಕೆ ತಳ್ಳುತ್ತವೆ. ಸೇಲ್‌ಡ್ರೋನ್ ಏಳು ಮೀಟರ್ ಉದ್ದದ, ಗಟ್ಟಿ ರೆಕ್ಕೆಯನ್ನೇ ಹಾಯಿ ಮಾಡಿಕೊಂಡ ದೋಣಿ. ಸೀಗ್ಲೈಡರ್, ಸ್ಲೋಕಮ್‌ನಂಥವು ತಮ್ಮ ತೇಲುವ ಗುಣವನ್ನು ತುಸು ಹೆಚ್ಚು-ಕಡಿಮೆ ಮಾಡಿಕೊಂಡು ಸಾವಿರ ಮೀಟರ್ ಆಳದವರೆಗೆ ಮುಳುಗಿ ಏಳುತ್ತವೆ. ಆರ್ಗೋ ತೇಲುಗಗಳಿಗೆ ದಿಕ್ಕು ಹಿಡಿಯುವ ಶಕ್ತಿಯೇ ಇಲ್ಲ; ಹರಿವು ಒಯ್ದತ್ತ ಹೋಗಿ, ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರ್ ಆಳದಿಂದ ಮೇಲೆ ಬರುತ್ತವೆ.

ಗಾಳಿಯ ಕಡೆಯ ಅಳತೆ ಮೇಲಿನ ದೋಣಿಗಳಿಗೆ ಸುಲಭ, ನೀರಿನ ಒಳಗಿನದು ಗ್ಲೈಡರ್‌ಗಳಿಗೆ. ಗಾಳಿ-ನೀರಿನ ವಿನಿಮಯಕ್ಕೆ ಎರಡೂ ಬೇಕು. ಹಾಗಾಗಿ ಎರಡು ಬಗೆಯ ವಾಹನಗಳನ್ನು ಜೋಡಿಯಾಗಿ ಒಂದೇ ಜಾಗದಲ್ಲಿ ನಡೆಸುವ ಪದ್ಧತಿ ಬೆಳೆದಿದೆ. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ವಾಹನ ಕೊಳ್ಳಬೇಡಿ.

2. ಹತ್ತು ದಿನಕ್ಕೊಮ್ಮೆ ನೋಡಿದರೆ ಬಿರುಗಾಳಿ ಕಾಣದು

ದಕ್ಷಿಣ ಮಹಾಸಾಗರದಲ್ಲಿ ಬಿರುಗಾಳಿಗಳು ಕೆಲವೇ ದಿನಗಳ ಅಂತರದಲ್ಲಿ ಒಂದರ ಹಿಂದೊಂದು ಹಾಯುತ್ತವೆ. ಹತ್ತು ದಿನಕ್ಕೊಮ್ಮೆ ಅಳೆದು ಅವುಗಳ ಕೆಲಸವನ್ನು ಊಹಿಸುವುದೆಂದರೆ, ಹತ್ತು ದಿನಕ್ಕೊಮ್ಮೆ ಕೆರೆಯ ಮಟ್ಟ ನೋಡಿ ಮಳೆ ಯಾವ ರಾತ್ರಿ ಎಷ್ಟು ಜೋರಾಗಿ ಹೊಡೆಯಿತೆಂದು ಹೇಳಿದಂತೆ. ದಕ್ಷಿಣ ಆಫ್ರಿಕಾದ ಸಿಎಸ್‌ಐಆರ್ ಸಂಸ್ಥೆಯ ತಂಡ ವೇವ್ ಗ್ಲೈಡರ್ ಮತ್ತು ಸೀಗ್ಲೈಡರ್‌ಗಳಿಂದ ಈ ದೋಷವನ್ನು 2015ರಲ್ಲೇ ಎತ್ತಿ ತೋರಿಸಿತು: ಅಳತೆಯ ನಡುವಿನ ಅಂತರ ಹೆಚ್ಚಾದರೆ ವಾರ್ಷಿಕ ಇಂಗಾಲದ ಲೆಕ್ಕವೇ ಓಲಾಡುತ್ತದೆ.

2022ರಲ್ಲಿ ಅದೇ ವಲಯದ ಸಂಶೋಧಕರು ಸ್ವೀಡನ್ನಿನವರ ಜೊತೆಗೂಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೇಲೊಂದು ವೇವ್ ಗ್ಲೈಡರ್, ಕೆಳಗೊಂದು ಗ್ಲೈಡರ್ ಜೊತೆಯಾಗಿ ಸಂಗ್ರಹಿಸಿದ ದತ್ತಾಂಶದಲ್ಲಿ, ಬಿರುಗಾಳಿ ಹಾಯುವಾಗ ಇಂಗಾಲ ತುಂಬಿದ ಆಳದ ನೀರು ಕಲಕಿ ಮೇಲೆದ್ದು, ಅನಿಲವನ್ನು ಹೀರಬೇಕಾದ ಕಡಲು ಅದನ್ನು ಹೊರಹಾಕಿದ್ದು ಕಂಡಿತು. ಕೆಲವು ಗಂಟೆಗಳಲ್ಲಿ ವ್ಯವಹಾರದ ದಿಕ್ಕೇ ತಿರುಗುವಂಥ ಘಟನೆ ಅದು. ತಾಸಿಗೊಮ್ಮೆಯಾದರೂ ಅಳೆಯುವ ಯಂತ್ರ ಅಲ್ಲಿಲ್ಲದಿದ್ದರೆ ಈ ತಿರುವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

3. ಉಳಿಯಬೇಕಾದರೆ ವೇಗ ಬಿಟ್ಟುಕೊಡಿ

ಸೇಲ್‌ಡ್ರೋನ್‌ನ ಎತ್ತರದ ರೆಕ್ಕೆ ಸಾಧಾರಣ ಗಾಳಿಯಲ್ಲಿ ಚುರುಕು. ಆದರೆ ಅಂಟಾರ್ಕ್ಟಿಕಾದ ಸುತ್ತಲಿನ ಅಲೆ ಮುರಿದು ಬೀಳುವಾಗ ದೋಣಿ ಮಗುಚುತ್ತದೆ, ರೆಕ್ಕೆಯ ಮೇಲೆ ಟನ್‌ಗಟ್ಟಲೆ ನೀರು ಅಪ್ಪಳಿಸುತ್ತದೆ. ಅದಕ್ಕೆಂದೇ ಗಿಡ್ಡಗಿನ, ಚೌಕಾಕಾರದ, ಮಗುಚಿದರೂ ಮುರಿಯದ ರೆಕ್ಕೆಯೊಂದನ್ನು ಮಾಡಲಾಯಿತು. ನ್ಯೂಜಿಲೆಂಡಿನ ತೆಂಕಣ ತುದಿಯ ಬ್ಲಫ್ ಬಂದರಿನಿಂದ 2019ರ ಜನವರಿ 19ರಂದು ಹೊರಟ 1020 ಸಂಖ್ಯೆಯ ವಾಹನ ಈ ರೆಕ್ಕೆ ಹೊತ್ತು, 196 ದಿನಗಳಲ್ಲಿ ಸುಮಾರು 22,000 ಕಿಲೋಮೀಟರ್ ಕ್ರಮಿಸಿ, ಅಂಟಾರ್ಕ್ಟಿಕಾವನ್ನು ಒಂದು ಸುತ್ತು ಹಾಕಿ ಆಗಸ್ಟ್ 3ರಂದು ಹೊರಟಲ್ಲಿಗೇ ಮರಳಿತು. ದಾರಿಯಲ್ಲಿ 15 ಮೀಟರ್ ಎತ್ತರದ ಅಲೆ, ಗಂಟೆಗೆ 130 ಕಿಲೋಮೀಟರ್ ಗಾಳಿ, ಹಿಮಗಡ್ಡೆಗಳ ಡಿಕ್ಕಿ ಎಲ್ಲ ಆದವು. ಜನರಿಲ್ಲದ ದೋಣಿಯೊಂದು ಅಂಟಾರ್ಕ್ಟಿಕಾದ ಸುತ್ತು ಮುಗಿಸಿದ್ದು ಅದೇ ಮೊದಲು.

ಗಿಡ್ಡ ರೆಕ್ಕೆಯ ದೋಣಿ ನಿಧಾನ, ಗಾಳಿಗೆದುರು ಸಾಗಲು ಹೆಣಗುತ್ತದೆ. ಆದರೂ ಮುಂದೆ ಚಂಡಮಾರುತದೊಳಕ್ಕೆ ದೋಣಿ ನುಗ್ಗಿಸಲು ಇಂಥದೇ ಗಿಡ್ಡ ರೆಕ್ಕೆ ದಾರಿ ಮಾಡಿತು. 2021ರ ಸೆಪ್ಟೆಂಬರ್ 30ರಂದು ಅಟ್ಲಾಂಟಿಕ್‌ನ ಸ್ಯಾಮ್ ಚಂಡಮಾರುತದ ನಡುವಿನಿಂದ ಸೇಲ್‌ಡ್ರೋನ್ ವಿಡಿಯೊ ಕಳಿಸಿತು. ವಿನ್ಯಾಸದ ಸಭೆಯಲ್ಲಿ ಯಾರಾದರೂ ವೇಗದ ಬಗ್ಗೆ ಹೆಮ್ಮೆಪಟ್ಟರೆ, ಆ ವೇಗವನ್ನು ಯಾವ ಗಟ್ಟಿತನ ಮಾರಿ ಕೊಂಡಿರಿ ಎಂದು ಕೇಳಿ.

4. ಹರಿವಿನ ಜೊತೆ ಜಗಳ ಬೇಡ

ನೀರೊಳಗಿನ ಗ್ಲೈಡರ್‌ನ ವೇಗ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್, ಅಂದರೆ ತಾಸಿಗೆ ಒಂದು ಕಿಲೋಮೀಟರಿನ ಆಸುಪಾಸು. ಅಂಟಾರ್ಕ್ಟಿಕಾವನ್ನು ಪಶ್ಚಿಮದಿಂದ ಪೂರ್ವಕ್ಕೆ ಸುತ್ತುವ ಮಹಾಪ್ರವಾಹ ಹಲವೆಡೆ ಇದಕ್ಕಿಂತ ಜೋರಾಗಿ ಹರಿಯುತ್ತದೆ. ನಕ್ಷೆಯ ಮೇಲೆ ಅಚ್ಚುಕಟ್ಟಾಗಿ ಗೆರೆ ಎಳೆದು ವಾಹನ ಅದನ್ನೇ ಹಿಡಿಯಲಿ ಎಂದು ಕಾಯುವವರು ಬ್ಯಾಟರಿ ಕಳೆದುಕೊಳ್ಳುತ್ತಾರೆ. ಹರಿವಿನ ಮೇಲ್ಭಾಗದಲ್ಲಿ ಬಿಡಿ, ಅದು ಒಯ್ಯುವ ದಾರಿಯಲ್ಲಿ ಅಡ್ಡಡ್ಡ ದಾಟಿಸಿ, ಕೆಳಭಾಗದಲ್ಲಿ ಹಡಗು ಕಾಯುವಂತೆ ಏರ್ಪಾಟು ಮಾಡಿ. ಡ್ರೇಕ್ ಜಲಸಂಧಿಯಂಥ ಕಿರಿದಾದ ಜಾಗದಲ್ಲಿ ಈ ಮಾತನ್ನು ಎರಡು ಸಲ ನೆನೆಯಬೇಕು.

5. ವಿದ್ಯುತ್ತಿನ ಲೆಕ್ಕವನ್ನು ಚಳಿಗಾಲದ ನಡುರಾತ್ರಿಗೆ ಬರೆಯಿರಿ

ಅಲೆಯಿಂದಲೋ ಗಾಳಿಯಿಂದಲೋ ಚಲಿಸುವ ವಾಹನಕ್ಕೆ ಸಾಗಲು ಬ್ಯಾಟರಿ ಬೇಡ. ಆದರೆ ಸೆನ್ಸರ್, ಕಂಪ್ಯೂಟರ್, ಚುಕ್ಕಾಣಿ, ಉಪಗ್ರಹದ ಮೋಡೆಮ್ ಎಲ್ಲಕ್ಕೂ ಬೇಕು. ಸೌರಫಲಕ ಸಮತಟ್ಟಾಗಿ ಮಲಗಿರುತ್ತದೆ, ಧ್ರುವದ ಸೂರ್ಯ ದಿಗಂತಕ್ಕೆ ಒರಗಿರುತ್ತಾನೆ, ಫಲಕದ ಮೇಲೆ ಹಿಮ ಕೂತಿರುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವೇವ್ ಗ್ಲೈಡರನ್ನು 2016ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಬಳಿ ಬಿಟ್ಟು, ಡ್ರೇಕ್ ಜಲಸಂಧಿಯಲ್ಲಿ ತಿಂಗಳುಗಟ್ಟಲೆ ನಡೆಸಿದ್ದು ಬೇಸಿಗೆಯ ಬೆಳಕನ್ನು ನಂಬಿ. ಅದೇ ಯಂತ್ರವನ್ನು ಜುಲೈಗೆ ಕಳಿಸಬೇಕೆಂದರೆ ಲೆಕ್ಕವೇ ಬೇರೆ.

ಇನ್ನೊಂದು ಗುಂಡಿ ಇದೆ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲೋಹದ ಲಿಥಿಯಂ ಪದರುಗಟ್ಟಿ ಕೋಶ ಕೆಡುತ್ತದೆ. ಅದಕ್ಕಾಗಿ ರಕ್ಷಣಾ ಸರ್ಕ್ಯೂಟ್ ಶೂನ್ಯದಲ್ಲೇ ಚಾರ್ಜ್ ನಿಲ್ಲಿಸುತ್ತದೆ. ಧ್ರುವದ ನೀರು ಹೆಪ್ಪುಗಟ್ಟುವುದು ಮೈನಸ್ 1.8 ಡಿಗ್ರಿಯ ಬಳಿ. ಅಂದರೆ ಮೇಲೆ ಬಿಸಿಲಿದೆ, ಫಲಕದಲ್ಲಿ ಕರೆಂಟಿದೆ, ಬ್ಯಾಟರಿ ಮಾತ್ರ ತೆಗೆದುಕೊಳ್ಳಲೊಲ್ಲದು. ಕೋಶಗಳಿಗೆ ಶಾಖ ಕಾಯುವ ಹೊದಿಕೆ, ಫಲಕದ ಮೊದಲ ವಿದ್ಯುತ್ತು ಹೀಟರಿಗೆ ಹೋಗುವಂಥ ಜೋಡಣೆ, ಜೊತೆಗೆ ಚಾರ್ಜ್ ಬೇಡದ ಪ್ರಾಥಮಿಕ ಲಿಥಿಯಂ ಕೋಶಗಳ ಆಪದ್ಧನ, ಇವು ಮೂರೂ ಇರಲಿ.

ಉಳಿತಾಯ ಅನಿವಾರ್ಯವಾದಾಗ ಎಲ್ಲ ಸೆನ್ಸರ್‌ಗಳನ್ನೂ ಸಮನಾಗಿ ಮಲಗಿಸಬೇಡಿ. ಗಾಳಿ ಮತ್ತು ಒತ್ತಡದ ಮಾಪಕಗಳು ಕಡಿಮೆ ವಿದ್ಯುತ್ತಿನಲ್ಲಿ ಎಚ್ಚರವಾಗಿರಲಿ. ಒತ್ತಡ ಕುಸಿಯತೊಡಗಿದರೆ ಉಳಿದವನ್ನು ಅವು ಎಬ್ಬಿಸಲಿ. ಶಾಂತ ದಿನಗಳಲ್ಲಿ ಕೂಡಿಟ್ಟ ವಿದ್ಯುತ್ತು ಬಿರುಗಾಳಿಯ ದಿನ ಖರ್ಚಾಗಬೇಕು.

6. ಮೇಲೆ ಬರುವುದೇ ಸುರಕ್ಷಿತ ಎಂಬ ಸೂತ್ರವನ್ನು ಅಳಿಸಿ

ಬಿಸಿ ಕಡಲುಗಳಲ್ಲಿ ಮುಳುಗುವ ವಾಹನಕ್ಕೆ ಏನೇ ತೊಂದರೆಯಾದರೂ ಉತ್ತರ ಒಂದೇ: ತೂಕ ಕಳಚು, ಮೇಲೆ ಬಾ, ಉಪಗ್ರಹಕ್ಕೆ ಕೂಗು. ಹಿಮದ ಛಾವಣಿಯ ಕೆಳಗೆ ಈ ಉತ್ತರವೇ ಅಪಾಯ. ಮೇಲೆ ಬಂದ ಆಂಟೆನಾ ಹಿಮಕ್ಕೆ ತಾಗಿ ಮುರಿಯುತ್ತದೆ, ತೂಕ ಕಳಚಿದ ವಾಹನ ಹಿಮದ ತಳಕ್ಕೆ ಅಂಟಿ ನಿಲ್ಲುತ್ತದೆ.

ಜರ್ಮನಿಯ ಆಲ್ಫ್ರೆಡ್ ವೆಗನರ್ ಸಂಸ್ಥೆಯವರು ಆರ್ಗೋ ತೇಲುಗಗಳಿಗೆ ಇದಕ್ಕೊಂದು ಸೊಗಸಾದ ಉಪಾಯ ಕೊಟ್ಟರು. ತೇಲುಗ ಮೇಲೇರುವಾಗ 50ರಿಂದ 20 ಮೀಟರ್ ಆಳದ ನಡುವಿನ ಉಷ್ಣತೆಗಳ ಮಧ್ಯಾಂಕ ನೋಡುತ್ತದೆ. ಅದು ಮೈನಸ್ 1.79 ಡಿಗ್ರಿಗಿಂತ ಕೆಳಗಿದ್ದರೆ ತಲೆಯ ಮೇಲೆ ಹಿಮವಿದೆಯೆಂದು ತಿಳಿದು ಮತ್ತೆ ಮುಳುಗುತ್ತದೆ. ಅಳತೆಗಳು ಒಳಗೇ ಉಳಿದು, ಹಿಮ ಕರಗಿದ ಮೇಲೆ ಒಟ್ಟಿಗೆ ಬರುತ್ತವೆ. ಹೊಸ ಸೆನ್ಸರ್ ಇಲ್ಲ, ಹೆಚ್ಚಿನ ಖರ್ಚಿಲ್ಲ, ಇದ್ದ ಥರ್ಮಾಮೀಟರಿಗೆ ಕೊಟ್ಟ ಬುದ್ಧಿ ಅಷ್ಟೆ. ಕೆನಡಾ-ಗ್ರೀನ್‌ಲ್ಯಾಂಡ್ ನಡುವಿನ ಡೇವಿಸ್ ಜಲಸಂಧಿಯಲ್ಲಿ ಸೀಗ್ಲೈಡರ್‌ಗಳು ನೀರೊಳಗಿನ ಧ್ವನಿಸ್ತಂಭಗಳ ಸದ್ದು ಕೇಳಿ ಹಿಮದಡಿಯಲ್ಲಿ ದಾರಿ ಹುಡುಕಿದ್ದೂ ಇದೇ ಜಾತಿಯ ಜಾಣ್ಮೆ.

ಇಷ್ಟಾದರೂ ಕಳೆದುಕೊಳ್ಳುವುದು ಇದ್ದದ್ದೇ. ನಮ್ಮ ಮೈತ್ರಿ ಕೇಂದ್ರ ಇರುವ ಕ್ವೀನ್ ಮಾಡ್ ಲ್ಯಾಂಡ್‌ನ ಕರಾವಳಿಯಲ್ಲೇ ಇರುವ ಫಿಂಬುಲ್ ಹಿಮಚಾಚಿನ ಕೆಳಗೆ ಬ್ರಿಟನ್ನಿನ ಆಟೋಸಬ್-2 ನೌಕೆ 2005ರಲ್ಲಿ ಕಳೆದುಹೋಯಿತು. ಡಾಟ್ಸನ್ ಹಿಮಚಾಚಿನ ತಳವನ್ನು 2022ರಲ್ಲಿ ಅಪೂರ್ವವಾಗಿ ನಕ್ಷೆ ಮಾಡಿದ್ದ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ರಾನ್ ನೌಕೆ 2024ರಲ್ಲಿ ಅದೇ ಹಿಮದ ಕೆಳಗಿನಿಂದ ಮರಳಲಿಲ್ಲ. ಆದರೂ ಬ್ರಿಟನ್ನಿನವರು ಕೈ ಚೆಲ್ಲಲಿಲ್ಲ: ಅವರು ಕಟ್ಟಿದ ಆಟೋಸಬ್-3 ಮುಂದೆ 2009ರಲ್ಲಿ ಪೈನ್ ಐಲ್ಯಾಂಡ್ ಹಿಮನದಿಯ ಕೆಳಗೆ ಹೋಗಿ ಬಂತು.

7. ಗಾಳಿಯನ್ನು ಎಷ್ಟು ಎತ್ತರದಲ್ಲಿ ಅಳೆದಿರಿ ಎಂಬುದು ಅರ್ಧ ಉತ್ತರ

ಹವಾಮಾನ ಶಾಸ್ತ್ರದ ಲೆಕ್ಕಗಳೆಲ್ಲ 10 ಮೀಟರ್ ಎತ್ತರದ ಗಾಳಿಯನ್ನು ಕೇಳುತ್ತವೆ. ವೇವ್ ಗ್ಲೈಡರ್‌ನ ಕಂಬ ನೀರಿನಿಂದ ಸುಮಾರು ಒಂದು ಮೀಟರ್. ಸೇಲ್‌ಡ್ರೋನ್‌ನಲ್ಲಿ ಗಾಳಿಮಾಪಕ ರೆಕ್ಕೆಯ ತುದಿಯಲ್ಲಿ, ಐದು ಮೀಟರ್ ಆಸುಪಾಸು. ಎತ್ತರದ ವ್ಯತ್ಯಾಸವನ್ನು ಸೂತ್ರ ಹಾಕಿ ಸರಿಪಡಿಸಬಹುದು, ಆದರೆ ಆ ಸೂತ್ರ ನೀರು ಹೆಚ್ಚುಕಡಿಮೆ ಸಮತಟ್ಟಾಗಿದೆ ಎಂದುಕೊಳ್ಳುತ್ತದೆ. ಆರು ಮೀಟರ್ ಅಲೆಯ ತಗ್ಗಿನಲ್ಲಿ ಒಂದು ಮೀಟರಿನ ಕಂಬ ಗಾಳಿಯ ಮರೆಯಲ್ಲಿರುತ್ತದೆ. ತುದಿಗೆ ಏರಿದಾಗ ಪೂರ್ತಿ ಹೊಡೆತ ತಿನ್ನುತ್ತದೆ. ಸರಾಸರಿ ತೆಗೆಯುವ ಮುನ್ನ ವಾಹನ ಅಲೆಯ ಯಾವ ಭಾಗದಲ್ಲಿತ್ತು ಎಂಬುದು ಗೊತ್ತಿರಬೇಕು.

ಶಾಖದ ಹರಿವನ್ನು ನೇರವಾಗಿ ಅಳೆಯಬೇಕಾದರೆ ಗಾಳಿಯ ಸುಳಿಗಳನ್ನು ಸೆಕೆಂಡಿಗೆ ಹತ್ತು-ಇಪ್ಪತ್ತು ಸಲ ಹಿಡಿಯಬೇಕು, ವಾಹನದ ಓಲಾಟವನ್ನು ಅಷ್ಟೇ ಚುರುಕಾಗಿ ಅಳೆದು ಕಳೆಯಬೇಕು. ಗಾಳಿಮಾಪಕವೂ ಚಲನಮಾಪಕವೂ ಒಂದೇ ಗಡಿಯಾರಕ್ಕೆ ಕಟ್ಟಿರದಿದ್ದರೆ ಈ ಲೆಕ್ಕ ಕೈಗೆ ಹತ್ತುವುದಿಲ್ಲ.

ಸುಲಭ ದಾರಿ ಕೋರ್ ಎಂಬ ಪ್ರಸಿದ್ಧ ಸೂತ್ರಗಳದ್ದು: ಗಾಳಿ, ಉಷ್ಣತೆ, ತೇವಾಂಶ ಕೊಟ್ಟರೆ ಹರಿವನ್ನು ಅದೇ ಲೆಕ್ಕ ಹಾಕುತ್ತದೆ. ಅದು ಹುಟ್ಟಿದ್ದು ಪಶ್ಚಿಮ ಪೆಸಿಫಿಕ್‌ನ ಬೆಚ್ಚನೆಯ ಕೊಳದಲ್ಲಿ, 1992-93ರ ಪ್ರಯೋಗದಿಂದ. ಆಮೇಲೆ ಜೋರುಗಾಳಿಗೂ ಹಿಗ್ಗಿಸಲಾಗಿದೆ. ಆದರೂ ಹಿಮದ ಅಂಚಿನಲ್ಲಿ, ಮುರಿಯುವ ಅಲೆಗಳ ನಡುವೆ ಅದನ್ನು ಪರೀಕ್ಷಿಸುವ ನೇರ ಅಳತೆಗಳು ಈಗಲೂ ವಿರಳ. ಅದಕ್ಕಾಗಿಯೇ ಈ ತಲೆನೋವು.

8. ತಪ್ಪಾದರೂ ಸರಿಯಂತೆ ಕಾಣುವ ಅಂಕಿಗೆ ಹೆದರಿ

ಕೆಟ್ಟುನಿಂತ ಸೆನ್ಸರ್ ಪ್ರಾಮಾಣಿಕ, ಸತ್ತೆನೆಂದು ಹೇಳುತ್ತದೆ. ಅರ್ಧ ಕೆಟ್ಟದ್ದು ಸುಳ್ಳು ಹೇಳುತ್ತದೆ. ಆಕಾಶದಿಂದ ಬರುವ ಉಷ್ಣವಿಕಿರಣ ಅಳೆಯುವ ಸಾಧನದ ಗುಮ್ಮಟಕ್ಕೆ ಹಿಮ ಮೆತ್ತಿಕೊಂಡರೆ ಅದು ಮೋಡ ಮುಚ್ಚಿದ ಆಕಾಶದ ಅಂಕಿಯನ್ನೇ ಕೊಡುತ್ತದೆ. ದಕ್ಷಿಣ ಮಹಾಸಾಗರದಲ್ಲಿ ಆಕಾಶ ಹೇಗೂ ಮೋಡ ಮುಚ್ಚಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಡಗಿನಲ್ಲಾದರೆ ಯಾರೋ ಒಬ್ಬರು ಬಟ್ಟೆ ಹಿಡಿದು ಒರೆಸಿ ಬರುತ್ತಾರೆ. ಇಲ್ಲಿ ಆ ಕೈ ಇಲ್ಲ. ಗುಮ್ಮಟದ ಕಡೆ ಮುಖ ಮಾಡಿದ ಚಿಕ್ಕ ಕ್ಯಾಮೆರಾ ಇಡಿ. ದಿನಕ್ಕೊಂದು ಮಸುಕು ಚಿತ್ರ ಬಂದರೂ ಸಾಕು.

ತುಂತುರು ಹೆಪ್ಪುಗಟ್ಟಿ ಕಂಬಕ್ಕೆ ಮೆತ್ತಿದರೆ ಮೇಲ್ಭಾರ ಹೆಚ್ಚಿ ದೋಣಿ ಮಗುಚುವ ಭಯ ಬೇರೆ. ನೀರು ಒಳಗೆಳೆಯುವ ಪಂಪಿನ ಬಾಯಿಗೆ ಸಣ್ಣ ಹಿಮಹರಳುಗಳು ಅಂಟಿ ಹರಿವು ಕಟ್ಟುತ್ತದೆ. ಇನ್ನು ಅತ್ಯಂತ ದುಃಖದ ನಷ್ಟ ಕಡಲಿನಲ್ಲಲ್ಲ, ಡೆಕ್ ಮೇಲೆ ಆಗುತ್ತದೆ. ಲವಣಾಂಶ ಅಳೆಯುವ ಕೋಶ ಹಲವು ಸಾಧನಗಳಲ್ಲಿ ಗಾಜಿನದು. ನೀರೊಳಗೆ ಅದಕ್ಕೆ ಏನೂ ಆಗದು. ಮೈನಸ್ 15 ಡಿಗ್ರಿಯ ಗಾಳಿಯಲ್ಲಿ, ಒಳಗೆ ಒಂದಿಷ್ಟು ನೀರು ಉಳಿದಿದ್ದರೆ, ಅದು ಹೆಪ್ಪುಗಟ್ಟಿ ಗಾಜು ಒಡೆಯುತ್ತದೆ. ವಾಹನವನ್ನು ಕೊನೆಯ ನಿಮಿಷದವರೆಗೆ ಬೆಚ್ಚಗಿನ ಕೋಣೆಯಲ್ಲಿಡಿ. ಮೇಲೆತ್ತಿದ ಕ್ಷಣ ಕೋಶದ ನೀರು ಬಸಿಯುವುದು ಯಾರ ಕೆಲಸ ಎಂದು ಹೆಸರು ಬರೆದು ಗೋಡೆಗೆ ಅಂಟಿಸಿ.

9. ಮುನ್ನೂರ ನಲವತ್ತು ಬೈಟ್‌ಗಳಲ್ಲಿ ಮಾತು ಮುಗಿಸಲು ಕಲಿಯಿರಿ

ಸಮಭಾಜಕದ ಮೇಲೆ ನಿಂತ ಉಪಗ್ರಹಗಳು ಧ್ರುವದ ಬಳಿ ದಿಗಂತಕ್ಕೆ ಇಳಿದಿರುತ್ತವೆ, ಅಲೆಯೊಂದು ಅಡ್ಡ ಬಂದರೂ ಸಂಪರ್ಕ ಹೋಗುತ್ತದೆ. ಅಲ್ಲಿ ನಮ್ಮ ಆಸರೆ ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವ ಇರಿಡಿಯಂ ಜಾಲ, ಅದರ 66 ಉಪಗ್ರಹಗಳು. ಅದರ ಕಿರುಸಂದೇಶ ಸೇವೆಯಲ್ಲಿ ಚಿಕ್ಕ ಮೋಡೆಮ್ ಒಮ್ಮೆಗೆ ಕಳಿಸಬಲ್ಲದ್ದು 340 ಬೈಟ್. ಹಾಗಾಗಿ ಕಚ್ಚಾ ದತ್ತಾಂಶವನ್ನು ವಾಹನವೇ ಅರೆದು, ಸಾರವನ್ನು ಮಾತ್ರ ಕಳಿಸಬೇಕು: ಅಲೆಗಳ ರೋಹಿತ, ಗಾಳಿಯ ಸರಾಸರಿ ಮತ್ತು ಏರಿಳಿತ, ಬ್ಯಾಟರಿಯ ಸ್ಥಿತಿ, ಸಂಶಯದ ಗುರುತು. ಕಚ್ಚಾ ಅಂಕಿ ಒಳಗಿನ ಮೆಮೊರಿಯಲ್ಲಿ ಉಳಿಯಲಿ, ಆದರೆ ಅದು ಕೈಗೆ ಸಿಗುತ್ತದೆಂದು ನಂಬಿ ಯೋಜನೆ ಹಾಕಬೇಡಿ. ವಾಹನ ಮರಳದಿದ್ದರೂ ಪ್ರಬಂಧ ಬರೆಯಲು ಸಾಕಾಗುವಷ್ಟು ಸಾರ ಆ ಚಿಕ್ಕ ಸಂದೇಶಗಳಲ್ಲಿ ಬಂದಿರಬೇಕು.

ದಿಕ್ಕಿನ ಕಥೆಯೂ ಹಾಗೆಯೇ. ಕಾಂತಧ್ರುವದ ಹತ್ತಿರ ದಿಕ್ಸೂಚಿಯ ಮುಳ್ಳನ್ನು ಎಳೆಯುವ ಅಡ್ಡ ಬಲ ಕ್ಷೀಣವಾಗುತ್ತದೆ. ಎರಡು ಜಿಪಿಎಸ್ ಆಂಟೆನಾಗಳ ನಡುವಿನ ಕೋನದಿಂದ ದಿಕ್ಕು ತಿಳಿಯುವುದು ಅಲ್ಲಿ ಹೆಚ್ಚು ನೆಚ್ಚಬಹುದಾದ ಉಪಾಯ.

ದಡದಲ್ಲಿ ಕೂತ ಚಾಲಕರಿಗೆ ಹಿಮದ ನಕ್ಷೆ ಬೇಕೇಬೇಕು. ಮೈಕ್ರೋವೇವ್ ಉಪಗ್ರಹ ಚಿತ್ರದ ಒಂದು ಚುಕ್ಕಿ ಹಲವು ಕಿಲೋಮೀಟರ್ ಅಗಲ. ತೆಳುಹಿಮ ಅದರಲ್ಲಿ ತಪ್ಪಿಸಿಕೊಳ್ಳುತ್ತದೆ. ರೇಡಾರ್ ಚಿತ್ರ ಸ್ಪಷ್ಟ, ಆದರೆ ಬೇಕಾದ ದಿನವೇ ಬೇಕಾದ ಜಾಗದ್ದು ಸಿಗುವ ಭರವಸೆಯಿಲ್ಲ. ಹಿಮ ಅಲೆಗಳನ್ನು ಅಡಗಿಸುತ್ತದೆ ಎಂಬುದೂ ನೆನಪಿರಲಿ: ಒಳಗೆ ಸಿಕ್ಕಿಕೊಂಡ ವೇವ್ ಗ್ಲೈಡರಿಗೆ ತಳ್ಳುವ ಶಕ್ತಿಯೇ ಹೋಗುತ್ತದೆ. ನಕ್ಷೆಯ ಅಂಚಿನಿಂದ ಧಾರಾಳವಾಗಿ ದೂರ ಇರಿ.

10. ನಂಬಿಕೆಯ ಇನ್ನೊಂದು ಯಂತ್ರದ ಪಕ್ಕದಲ್ಲಿ ನಿಲ್ಲಿಸಿ ಅಳೆಯಿರಿ

ದಕ್ಷಿಣ ಮಹಾಸಾಗರ ಚಳಿಗಾಲದಲ್ಲಿ ಎಷ್ಟು ಇಂಗಾಲ ಹೊರಹಾಕುತ್ತದೆ ಎಂಬ ವಾದ ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ಸೋಕಾಮ್ ಯೋಜನೆಯ ತೇಲುಗಗಳ ದತ್ತಾಂಶ 2018ರಲ್ಲಿ, ಹಿಂದೆ ಎಣಿಸಿದ್ದಕ್ಕಿಂತ ಜೋರಾದ ಹೊರಸೂಸುವಿಕೆಯನ್ನು ತೋರಿತು. ಆದರೆ ತೇಲುಗ ನೇರವಾಗಿ ಇಂಗಾಲವನ್ನು ಅಳೆಯುವುದಿಲ್ಲ. ಆಮ್ಲೀಯತೆ ಅಳೆದು, ಕ್ಷಾರೀಯತೆಯನ್ನು ಅಂದಾಜಿಸಿ ಲೆಕ್ಕ ಹಾಕುತ್ತದೆ. 2019ರ ಸೇಲ್‌ಡ್ರೋನ್ ಹೊತ್ತದ್ದು ಗೊತ್ತಿರುವ ಪ್ರಮಾಣದ ಅನಿಲದ ಜೊತೆ ತನ್ನನ್ನು ತಾನೇ ಹೋಲಿಸಿಕೊಂಡು ತಿದ್ದಿಕೊಳ್ಳುವ, ಎರಡು ಮೈಕ್ರೋ ಅಟ್ಮಾಸ್ಫಿಯರ್‌ಗಳಷ್ಟು ನಿಖರವಾದ ಸಾಧನ. ಅದಕ್ಕೂ ಚಳಿಗಾಲದ ಹೊರಸೂಸುವಿಕೆ ಕಂಡಿತು, ಆದರೆ ತೇಲುಗಗಳು ಹೇಳಿದಷ್ಟು ಅಲ್ಲ. 2021ರಲ್ಲಿ ಪ್ರಕಟವಾದ ವಿಮಾನದ ಅಳತೆಗಳು ಒಟ್ಟಾರೆ ಈ ಕಡಲು ಗಟ್ಟಿಯಾಗಿ ಹೀರುತ್ತಿದೆ ಎಂದವು.

ಇಷ್ಟು ದೊಡ್ಡ ಪ್ರಶ್ನೆಯ ಉತ್ತರ ಕೆಲವೇ ಅಂಕಗಳ ವಾಲಿಕೆಯ ಮೇಲೆ ನಿಂತಿದೆ. ಆದ್ದರಿಂದ ಬಿಡುವ ದಿನ ಹಡಗಿನ ಪಕ್ಕದಲ್ಲಿ ಕೆಲವು ತಾಸು ಓಡಿಸಿ, ದಾರಿಯಲ್ಲಿ ತಾಸ್ಮೇನಿಯಾದ ನೈರುತ್ಯಕ್ಕಿರುವ ಸದರ್ನ್ ಓಷನ್ ಫ್ಲಕ್ಸ್ ಸ್ಟೇಷನ್‌ನಂಥ ಲಂಗರು ಹಾಕಿದ ಬೋಯ್ ಸಿಕ್ಕರೆ ಅದರ ಸುತ್ತ ಒಂದು ದಿನ ಸುತ್ತಿಸಿ, ಮರಳಿದ ಮೇಲೆ ಸೆನ್ಸರನ್ನು ತೊಳೆಯುವ ಮೊದಲೇ ಮತ್ತೆ ಪ್ರಮಾಣೀಕರಿಸಿ. ಈ ಮೂರು ಹೋಲಿಕೆಗೆ ಸಮಯ ಕೊಡದ ಯೋಜನೆಯ ಅಂಕಿಗಳನ್ನು ಹತ್ತು ವರ್ಷದ ಮೇಲೆ ಯಾರೂ ಬಳಸುವುದಿಲ್ಲ.

11. ಪರೀಕ್ಷೆ ಕೆಟ್ಟ ಕಡಲಲ್ಲೇ ಆಗಲಿ

ಕೊಳದಲ್ಲಿ, ಜಲಾಶಯದಲ್ಲಿ, ಡಿಸೆಂಬರಿನ ಗೋವಾದಲ್ಲಿ ತೇಲಿದ ಯಂತ್ರ ಧ್ರುವಕ್ಕೆ ಸಿದ್ಧವೆಂದು ಪ್ರಮಾಣಪತ್ರ ಕೊಡುವುದು ಆತ್ಮವಂಚನೆ. ನಮ್ಮಲ್ಲಿ ಒರಟು ಕಡಲಿಗೆ ಬರವಿಲ್ಲ. ಜೂನ್-ಜುಲೈನಲ್ಲಿ ಮಂಗಳೂರು, ಕಾರವಾರದ ಆಚೆಗಿನ ಅರಬ್ಬೀ ಸಮುದ್ರದಲ್ಲಿ ಮೂರು-ನಾಲ್ಕು ಮೀಟರಿನ ಅಲೆ ಸಾಮಾನ್ಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಲೆಗೆ ಸಿಕ್ಕುವ ಭಯವೂ ಕಡಿಮೆ. ಆದರೆ ಬಾಡಿಗೆಗೆ ದೋಣಿ ಸಿಗುವುದು ಕಷ್ಟ. ಅನುಮತಿ, ಹಡಗು ಎರಡನ್ನೂ ಬೇಸಿಗೆಯಲ್ಲೇ ಗೊತ್ತು ಮಾಡಬೇಕು. ಚಳಿಯ ಪರೀಕ್ಷೆಗೂ ವಿದೇಶಕ್ಕೆ ಓಡಬೇಕಿಲ್ಲ: ಮೀನು ರಫ್ತು ಕಾರ್ಖಾನೆಗಳ ಬ್ಲಾಸ್ಟ್ ಫ್ರೀಜರ್‌ಗಳು ಮೈನಸ್ 40 ಡಿಗ್ರಿಯವರೆಗೆ ಇಳಿಯುತ್ತವೆ. ಕೇಬಲ್ಲಿನ ಹೊದಿಕೆ ಬಿರಿಯುತ್ತದೆಯೇ, ರಬ್ಬರ್ ಉಂಗುರ ಕಲ್ಲಾಗುತ್ತದೆಯೇ, ಕೈಗವಸು ತೊಟ್ಟ ಬೆರಳಿಗೆ ಕನೆಕ್ಟರ್ ಸಿಗುತ್ತದೆಯೇ ಎಂಬುದೆಲ್ಲ ಒಂದು ರಾತ್ರಿಯಲ್ಲಿ ತಿಳಿಯುತ್ತದೆ.

ಉಷ್ಣವಲಯದ ಅನುಭವವೂ ದಂಡವಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಕೂಡಿ 2016ರ ಮುಂಗಾರಿನಲ್ಲಿ ಬಂಗಾಳ ಕೊಲ್ಲಿಗೆ ಗ್ಲೈಡರ್‌ಗಳನ್ನು ಇಳಿಸಿದವು. ಅಲ್ಲಿ ನದಿ ಮತ್ತು ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ಹರಡಿ ಗಾಳಿಗೂ ಆಳಕ್ಕೂ ನಡುವೆ ಮುಚ್ಚಳ ಹಾಕುತ್ತದೆ. ಧ್ರುವದಲ್ಲಿ ಕರಗುವ ಹಿಮದ ನೀರು ಮಾಡುವುದೂ ಅದನ್ನೇ. ಒಂದನ್ನು ಅಳೆಯಲು ಕಲಿತ ವಿದ್ಯಾರ್ಥಿಗೆ ಇನ್ನೊಂದು ಅಪರಿಚಿತವಲ್ಲ.

12. ಬಿಡುವ ಮೊದಲು ಹಿಡಿಯುವ ಯೋಜನೆ ಬರೆಯಿರಿ

ವಾಹನವನ್ನು ಕಡಲಿಗೆ ಇಳಿಸುವುದು ಒಂದು ತಾಸಿನ ಕೆಲಸ. ತಿಂಗಳುಗಳ ಮೇಲೆ, ಎತ್ತರದ ಅಲೆಯಲ್ಲಿ, ತಿರುಗುವ ಹಡಗಿನಿಂದ ಅದನ್ನು ಕೊಕ್ಕೆ ಹಾಕಿ ಎತ್ತುವುದು ಬೇರೆಯೇ ವಿದ್ಯೆ. ಎತ್ತುವ ಹಗ್ಗಕ್ಕೆ ಹಿಡಿಕೆ ಎಲ್ಲಿ, ಕತ್ತಲಲ್ಲಿ ಮಿನುಗುವ ದೀಪಕ್ಕೆ ಪ್ರತ್ಯೇಕ ಬ್ಯಾಟರಿ ಇದೆಯೇ, ಹಡಗು ತಡವಾದರೆ ವಾಹನ ಎಲ್ಲಿ ಕಾಯಬೇಕು ಎಂಬುದು ವಿನ್ಯಾಸದ ಮೊದಲ ಹಾಳೆಯಲ್ಲೇ ಇರಬೇಕು.

ಇದು ಹಣದ ಪ್ರಶ್ನೆ ಮಾತ್ರವಲ್ಲ. 1991ರಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಮ್ಯಾಡ್ರಿಡ್ ಒಡಂಬಡಿಕೆ ಅಂಟಾರ್ಕ್ಟಿಕಾದಲ್ಲಿ ಮಾಡುವ ಪ್ರತಿ ಕೆಲಸಕ್ಕೂ ಪರಿಸರ ಪರಿಣಾಮದ ಮುಂಗಾಣಿಕೆ ಕೇಳುತ್ತದೆ. ಭಾರತವೂ 2022ರಲ್ಲಿ ತನ್ನದೇ ಅಂಟಾರ್ಕ್ಟಿಕ್ ಕಾನೂನು ಮಾಡಿಕೊಂಡಿದೆ. ಕಳೆದುಹೋದ ವಾಹನವೆಂದರೆ ಆ ಕಡಲಿಗೆ ಎಸೆದ ಲಿಥಿಯಂ ಮತ್ತು ಪ್ಲಾಸ್ಟಿಕ್ ಎಂಬ ಎಚ್ಚರ ಅನುಮತಿಯ ಅರ್ಜಿಯಲ್ಲಿ ಮಾತ್ರವಲ್ಲ, ತಂಡದ ಮನಸ್ಸಿನಲ್ಲೂ ಇರಲಿ.

ಈ ಪಾಠಗಳು ನಮ್ಮವರಿಗೆ ದೂರದವಲ್ಲ. ಅಂಟಾರ್ಕ್ಟಿಕಾದಲ್ಲಿ ಮೈತ್ರಿ ಮತ್ತು ಭಾರತಿ, ಉತ್ತರದ ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ಹಿಮಾದ್ರಿ ಕೇಂದ್ರಗಳಿವೆ. ಅಲ್ಲಿನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ 2014ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮತ್ತು ಗೋವಾದ ಧ್ರುವ ಸಂಶೋಧನಾ ಕೇಂದ್ರದವರು 192 ಮೀಟರ್ ಆಳದಲ್ಲಿ ಇಂಡ್‌ಆರ್ಕ್ ಎಂಬ ವೀಕ್ಷಣಾಲಯವನ್ನು ಲಂಗರು ಹಾಕಿದರು. ಚೆನ್ನೈನವರದೇ ಧ್ರುವವಾಹನವೊಂದು 2015ರಲ್ಲಿ ಮೈತ್ರಿಯ ಬಳಿಯ ಪ್ರಿಯದರ್ಶಿನಿ ಸರೋವರದೊಳಗೆ ಇಳಿದಿತ್ತು. ಒಂದೆಡೆ ನಿಂತು ಅಳೆಯುವುದೂ ನಮಗೆ ಗೊತ್ತು, ಕೇಬಲ್ ಕಟ್ಟಿ ಇಳಿಸುವುದೂ ಗೊತ್ತು. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, ಚಳಿಗಾಲದಲ್ಲಿ, ಒಂಟಿಯಾಗಿ ತಿಂಗಳುಗಟ್ಟಲೆ ಅಲೆಯುವ ವಾಹನಗಳ ಸಾಲು ಮುಂದಿನ ಹೆಜ್ಜೆಯಾಗಬೇಕು.

ಸುರತ್ಕಲ್‌ನಲ್ಲೋ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಎಂಜಿನಿಯರಿಂಗ್ ಓದುತ್ತಿರುವವರಿಗೆ ನನ್ನ ಮಾತು ಇಷ್ಟೇ. ಬ್ಯಾಟರಿ, ಕಂಪನದ ಲೆಕ್ಕ, ಕಡಿಮೆ ವಿದ್ಯುತ್ತಿನ ಸರ್ಕ್ಯೂಟು, ಪುಟ್ಟ ಸಂದೇಶದಲ್ಲಿ ದೊಡ್ಡ ವಿಷಯ ಅಡಕಿಸುವ ಕೋಡು, ಇವೆಲ್ಲ ನಿಮ್ಮ ಪಠ್ಯದಲ್ಲಿಯೇ ಇವೆ. ಅವುಗಳಿಗೆ ಇಲ್ಲಿ ಕೆಲಸವಿದೆ. ಒಂದು ವಾಹನ ಕಟ್ಟಿದಾಗ ಅದು ಎಷ್ಟು ದೂರ ಹೋಯಿತೆಂದು ಹೇಳಿಕೊಳ್ಳುವ ಮೊದಲು, ಅದು ಕಂಡ ಅತಿ ಜೋರಾದ ಬಿರುಗಾಳಿಯ ದಿನದ ದತ್ತಾಂಶವನ್ನು ತೆರೆದು ನೋಡಿ. ಆ ದಿನದ ಸಾಲುಗಳು ಪೂರ್ತಿ ತುಂಬಿದ್ದರೆ ನಿಮ್ಮ ಯಂತ್ರ ಗೆದ್ದಿದೆ. ಖಾಲಿ ಇದ್ದರೆ ವಿನ್ಯಾಸ ಮತ್ತೆ ಮೊದಲಿನಿಂದ ಶುರುವಾಗಬೇಕು.